ಟಿವಿ ಅಗಲವಾಯಿತು ಅಂತ ಯುದ್ಧವನ್ನೂ ಕತ್ತರಿಸಬೇಕಾ?

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಮಾತು ಶುರು ಮಾಡುತ್ತೇನೆ, ಬೇಜಾರಾಗಬೇಡಿ.

‘ದಿ ವರ್ಲ್ಡ್ ಅಟ್ ವಾರ್’ ನೋಡಿದ್ದೀರಾ? ಎರಡನೇ ಮಹಾಯುದ್ಧದ ಮೇಲೆ 26 ಕಂತುಗಳ ಸಾಕ್ಷ್ಯಚಿತ್ರ ಸರಣಿ. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ ಮಾಡಿದ್ದು, 1973ರ ಅಕ್ಟೋಬರ್‌ನಲ್ಲಿ ಪ್ರಸಾರ ಶುರುವಾಯಿತು. ನಿರ್ಮಾಪಕ ಜೆರೆಮಿ ಐಸಾಕ್ಸ್. ಹಿನ್ನೆಲೆ ದನಿ ಲಾರೆನ್ಸ್ ಒಲಿವಿಯರ್ ಅವರದು.

ಶುರುವಾಗುವುದು ರಣರಂಗದಲ್ಲಲ್ಲ. ಫ್ರಾನ್ಸಿನ ಒರಾದೂರ್ ಅನ್ನೋ ಊರಿನಲ್ಲಿ. ಸೂರಿಲ್ಲದ ಮನೆಗಳು, ಖಾಲಿ ರಸ್ತೆ. 1944ರ ಜೂನ್ 10ರಂದು ನಾಜಿ ಸೈನಿಕರು ಈ ರಸ್ತೆಯಲ್ಲೇ ಬಂದರು. ಗಂಡಸರನ್ನು ಕೊಟ್ಟಿಗೆಗಳಿಗೆ ಕೂಡಿದರು, ಹೆಂಗಸರು ಮಕ್ಕಳನ್ನು ಚರ್ಚಿಗೆ. 600ಕ್ಕೂ ಹೆಚ್ಚು ಜನರನ್ನು ಕೊಂದರು. ಒಲಿವಿಯರ್ ದನಿ ಎತ್ತುವುದೇ ಇಲ್ಲ. ನಮ್ಮ ನ್ಯೂಸ್ ಚಾನೆಲ್‌ನವರು ಇದೊಂದನ್ನಾದರೂ ಕಲಿಯಬಹುದಿತ್ತು.

ಆಗಿನ್ನೂ ಯುದ್ಧ ಮುಗಿದು 30 ವರ್ಷವೂ ಆಗಿರಲಿಲ್ಲ. ಕಣ್ಣಾರೆ ಕಂಡವರು ಬದುಕಿದ್ದರು. ಹಿಟ್ಲರ್ ಹೇಳಿದ ಕೊನೆಯ ಉಯಿಲನ್ನು ಬರೆದುಕೊಂಡ ಕಾರ್ಯದರ್ಶಿ ಟ್ರೌಡ್ಲ್ ಯುಂಗೆ ಕ್ಯಾಮೆರಾ ಮುಂದೆ ಕೂತಿದ್ದಾರೆ. ಶಸ್ತ್ರಾಸ್ತ್ರ ಮಂತ್ರಿಯಾಗಿದ್ದ ಆಲ್ಬರ್ಟ್ ಶ್ಪೇರ್ ಇದ್ದಾನೆ. 20 ವರ್ಷ ಜೈಲಿನಲ್ಲಿದ್ದು ಬಂದವನು. ಎಷ್ಟು ನಾಜೂಕಾಗಿ ಮಾತಾಡುತ್ತಾನೆ ಅಂದರೆ, ಪಾಪ ಅನಿಸಿಬಿಡುತ್ತದೆ. ಹುಷಾರು!

ಈಗ ನನ್ನ ಸಿಟ್ಟಿನ ವಿಷಯ. 2010ರಲ್ಲಿ ಇದನ್ನು ಶುಚಿ ಮಾಡಿ ಬ್ಲೂ-ರೇ ಡಿಸ್ಕಿನಲ್ಲಿ ತಂದರು. ಗೀರು, ಕಲೆ ಹೋಯಿತು, ಸಂತೋಷ. ಆದರೆ ಮೂಲ ಚಿತ್ರದ ಅಗಲ-ಎತ್ತರದ ಅಳತೆ 4:3, ಹೆಚ್ಚುಕಡಿಮೆ ಚೌಕ. ಈಗಿನ ಟಿವಿ 16:9. ಪರದೆ ತುಂಬಬೇಕಲ್ವಾ? ಮೇಲೆ, ಕೆಳಗೆ ಕತ್ತರಿ ಹಾಕಿದರು. ಲೆಕ್ಕ ಹಾಕಿ ನೋಡಿ, ಚಿತ್ರದ ಕಾಲು ಭಾಗವೇ ಮಾಯ.

ಹೊಸ ಫ್ರೇಮಿಗೆ ಹಿಡಿಸಲಿಲ್ಲ ಅಂತ ಗೋಡೆ ಮೇಲಿನ ಅಜ್ಜನ ಫೋಟೋದಲ್ಲಿ ಪೇಟವನ್ನೇ ಕತ್ತರಿಸುತ್ತೀರಾ? ಇದೇನು ಸ್ಟುಡಿಯೋದಲ್ಲಿ ಲೈಟು ಹಾಕಿಕೊಂಡು ತೆಗೆದ ಸಿನಿಮಾ ಅಲ್ಲ. ಚೌಕಟ್ಟಿನೊಳಗೆ ಏನಿರಬೇಕು ಅಂತ ತೀರ್ಮಾನಿಸಿದವನು ಗುಂಡು ಹಾರುವಾಗ ಕ್ಯಾಮೆರಾ ಹಿಡಿದು ನಿಂತಿದ್ದವನು. ಅವನು ಹಿಡಿದ ಆಕಾಶ, ಅವನು ಹಿಡಿದ ಕೆಸರು ನಿಮಗೆ ‘ಜಾಸ್ತಿ’ ಆಯಿತಾ?

ಕತ್ತರಿ ಬೀಳದ ಹಳೇ ಡಿವಿಡಿ ಸಿಕ್ಕರೆ ಬಿಡಬೇಡಿ. 26 ಕಂತಿಗೆ ಪುರುಸೊತ್ತಿಲ್ಲ ಅಂದರೆ 14ನೆಯದನ್ನು ಮೊದಲು ನೋಡಿ. ಅದು ಬರ್ಮಾ ಯುದ್ಧದ ಕಂತು, ನಮ್ಮ ಗಡಿಯವರೆಗೂ ಬಂದ ಯುದ್ಧ. ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ ಕಾಣುತ್ತದೆ. ಕಾಣಲಿ ಬಿಡಿ. ಸುಮ್ನೆ ರಿಮೋಟ್ ತಗೊಂಡು ಜೂಮ್ ಒತ್ತಲು ಹೋಗಬೇಡಿ.