ಸಬ್‌ಮರೀನ್ ಬರೋವರ್ಗೂ ಆಸ್ಟ್ರೇಲಿಯಾ ಏನ್ ಮಾಡುತ್ತೆ?

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಫೆಬ್ರವರಿ 21ನೇ ತಾರೀಖು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಡುವಿನ ಟಾಸ್ಮನ್ ಸಮುದ್ರದ ಮೇಲೆ ಹೋಗ್ತಿದ್ದ ವರ್ಜಿನ್ ಆಸ್ಟ್ರೇಲಿಯಾ ವಿಮಾನದ ಪೈಲಟ್‌ಗೆ ರೇಡಿಯೋದಲ್ಲಿ ಒಂದು ಎಚ್ಚರಿಕೆ ಕೇಳಿಸ್ತು, ಕೆಳಗಿದ್ದ ಚೀನಾ ಯುದ್ಧನೌಕೆಗಳು ಫೈರಿಂಗ್ ಪ್ರಾಕ್ಟೀಸ್ ಇದೆ ಅಂತಿದ್ವು. ಪೈಲಟ್ ಏರ್ ಟ್ರಾಫಿಕ್ ಕಂಟ್ರೋಲ್‌ಗೆ ಹೇಳಿದ್ರು, ಅಲ್ಲಿಂದ ರಕ್ಷಣಾ ಇಲಾಖೆಗೆ ಸುದ್ದಿ ಹೋಯ್ತು. ಹಡಗುಗಳಿದ್ದಿದ್ದು ಅಂತರರಾಷ್ಟ್ರೀಯ ಜಲಪ್ರದೇಶದಲ್ಲಿ, ಕಾನೂನು ಮುರಿದಿರ್ಲಿಲ್ಲ. ಆದ್ರೆ ಫೈರಿಂಗ್ ಸುದ್ದಿ ಒಬ್ಬ ಪ್ಯಾಸೆಂಜರ್ ವಿಮಾನದ ಪೈಲಟ್‌ನಿಂದ ಬರ್ಬೇಕಾಯ್ತಲ್ಲ, ಅದೇ ಅಲ್ಲಿನವರಿಗೆ ಚುಚ್ಚಿದ್ದು.

ಆಸ್ಟ್ರೇಲಿಯಾದ ಪೇಚು ನೋಡಿ. ವ್ಯಾಪಾರಕ್ಕೆ ಚೀನಾ, ರಕ್ಷಣೆಗೆ ಅಮೆರಿಕ. 2020ರಲ್ಲಿ ಚೀನಾ ಮುನಿಸ್ಕೊಂಡು ಬಾರ್ಲಿಗೂ ವೈನ್‌ಗೂ ಭಾರೀ ಸುಂಕ ಹಾಕ್ತು, ಕಬ್ಬಿಣದ ಅದಿರನ್ನ ಮಾತ್ರ ಮುಟ್ಲಿಲ್ಲ, ಯಾಕಂದ್ರೆ ಅದು ಅವರಿಗೇ ಬೇಕಿತ್ತು. ಡಾರ್ವಿನ್ ಬಂದರನ್ನಂತೂ 2015ರಲ್ಲೇ 99 ವರ್ಷಕ್ಕೆ ಒಂದು ಚೀನೀ ಕಂಪನಿಗೆ ಲೀಸಿಗೆ ಕೊಟ್ಟಾಗಿತ್ತು. ಯಾವ ಡಾರ್ವಿನ್? 1942ರ ಫೆಬ್ರವರಿ 19ರಂದು ಜಪಾನ್ ಬಾಂಬ್ ಹಾಕಿದ್ದ ಊರು! ಅದಕ್ಕೆ ನಾಲ್ಕೇ ದಿನ ಮುಂಚೆ ಬ್ರಿಟನ್ನಿನ ದೊಡ್ಡ ನೆಲೆಯಾಗಿದ್ದ ಸಿಂಗಾಪುರ ಜಪಾನ್ ಕೈಗೆ ಬಿದ್ದಿತ್ತು, ಬ್ರಿಟನ್ ಕಾಪಾಡುತ್ತೆ ಅನ್ನೋ ನಂಬಿಕೆಯೂ ಅದರ ಜೊತೆಗೇ ಹೋಯ್ತು. ಆಮೇಲೆ ಅಮೆರಿಕದ ಕೈ ಹಿಡಿದ್ರು, 1951ರಲ್ಲಿ ಅಮೆರಿಕ, ನ್ಯೂಜಿಲೆಂಡ್ ಜೊತೆ ಆನ್‌ಜಸ್ ಅನ್ನೋ ರಕ್ಷಣಾ ಒಪ್ಪಂದವೂ ಆಯ್ತು.

ಈಗಿನ ದೊಡ್ಡ ಪಣ ಆಕಸ್, ಅಂದ್ರೆ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಮೂರೂ ಸೇರಿ ಮಾಡ್ಕೊಂಡ ರಕ್ಷಣಾ ಒಪ್ಪಂದ. 2021ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಜೊತೆಗಿದ್ದ 12 ಸಬ್‌ಮರೀನ್‌ಗಳ ಒಪ್ಪಂದ ಬಿಟ್ಟು ಅಮೆರಿಕ, ಬ್ರಿಟನ್ ಕಡೆ ತಿರುಗಿದ್ರು, ಫ್ರಾನ್ಸ್ ಸಿಟ್ಟಾಗಿ ರಾಯಭಾರಿಗಳನ್ನ ವಾಪಸ್ ಕರೆಸ್ಕೊಳ್ತು. ಪರಮಾಣು ಶಕ್ತಿಯಿಂದ ಓಡೋ ಸಬ್‌ಮರೀನ್‌ಗಳು, ಅಣ್ವಸ್ತ್ರ ಇಲ್ಲ. ಅಂದಾಜು ಖರ್ಚು 2050ರ ದಶಕದ ಮಧ್ಯದವರೆಗೆ 268ರಿಂದ 368 ಬಿಲಿಯನ್ ಆಸ್ಟ್ರೇಲಿಯನ್ ಡಾಲರ್. ಅಮೆರಿಕದಿಂದ ಮೊದಲ ವರ್ಜೀನಿಯಾ ಮಾದರಿಯ ಸಬ್‌ಮರೀನ್ ಬರೋದು 2030ರ ದಶಕದ ಶುರುವಿಗೆ, ಅದೂ ಎಲ್ಲ ಸರಿಹೋದ್ರೆ.

ಸರಿಹೋಗುತ್ತಾ? ಅಮೆರಿಕದ ಶಿಪ್‌ಯಾರ್ಡ್‌ಗಳು ವರ್ಷಕ್ಕೆ ಎರಡು ಕಟ್ಟೋಕೂ ಏದುಸಿರು ಬಿಡ್ತಿವೆ. ಆ ಶಿಪ್‌ಯಾರ್ಡ್‌ಗಳನ್ನ ಸುಧಾರಿಸೋಕೆ ಆಸ್ಟ್ರೇಲಿಯಾನೇ ದುಡ್ಡು ಕೊಡ್ತಿದೆ, 2025ರ ಫೆಬ್ರವರಿಯಲ್ಲಿ ಮೊದಲ ಕಂತು 500 ಮಿಲಿಯನ್ ಅಮೆರಿಕನ್ ಡಾಲರ್ ಹೋಯ್ತು. ಅಷ್ಟಾದ್ರೂ, ಸಬ್‌ಮರೀನ್ ಕೊಡೋದ್ರಿಂದ ಅಮೆರಿಕದ ನೌಕಾಪಡೆಗೆ ತೊಂದ್ರೆ ಆಗಲ್ಲ ಅಂತ ಆವತ್ತಿನ ಅಮೆರಿಕ ಅಧ್ಯಕ್ಷರು ಸರ್ಟಿಫೈ ಮಾಡ್ಬೇಕು, ಅವರ ಕಾನೂನೇ ಹಾಗಿದೆ. ಅಂದ್ರೆ ಕೊನೇ ಮಾತು ವಾಷಿಂಗ್ಟನ್‌ದು.

ಹಾಗಂತ ಆಕಸ್ ಬಿಟ್ಟಾಕಿ ಅಂತ ನಾನು ಹೇಳ್ತಿಲ್ಲ. ಅಷ್ಟು ದೊಡ್ಡ ಕರಾವಳಿಗೆ ಈಗಿರೋ ಆರು ಹಳೇ ಕಾಲಿನ್ಸ್ ಸಬ್‌ಮರೀನ್ ಯಾವ ಮೂಲೆಗೆ? ಆದ್ರೆ ಅದನ್ನೇ ನೆಚ್ಚಿಕೊಂಡು ಹತ್ತಿರದ ಕೆಲಸ ಮುಂದಕ್ಕೆ ಹಾಕಿದ್ರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಗುತ್ತೆ. 2025ರ ಆಗಸ್ಟ್‌ನಲ್ಲಿ ಜಪಾನಿನ ಮೊಗಾಮಿ ಫ್ರಿಗೇಟ್ ಅನ್ನೋ ಯುದ್ಧನೌಕೆ ಆರಿಸ್ಕೊಂಡ್ರು, ಮೊದಲನೇದು 2029ಕ್ಕೇ ಬರ್ಬೇಕು. ಅಕ್ಟೋಬರ್‌ನಲ್ಲಿ ಪಕ್ಕದ ಪಪುವಾ ನ್ಯೂಗಿನಿ ಜೊತೆ ಪರಸ್ಪರ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದ್ರು. ಆಕಸ್‌ನಷ್ಟು ಸದ್ದು ಮಾಡ್ಲಿಲ್ಲ ಇವು, ಆದ್ರೆ ಈ ಹತ್ತು ವರ್ಷದೊಳಗೆ ಏನಾದ್ರೂ ಎಡವಟ್ಟಾದ್ರೆ ಕೈಗೆ ಸಿಗೋದು ಇವೇ, ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳೋದೂ ಇಂಥವಕ್ಕೇ ಅನ್ನೋದು ನನ್ನ ಆತಂಕ.

ನಮಸ್ಕಾರ.