ರಾತ್ರಿ ಹಿಮ ಹೆಪ್ಪುಗಟ್ಟಿತೇ?

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಹಿಂದೆ ಒಂದು ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆ ಐದನೆಯ ದಿನ ಹೊಳವಾಗಿ, ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಅದರ ಒಂದು ಪಾಲು ಜರಿದು ಕೊಟ್ಟಿಗೆಯ ಗೋಡೆಗೆ ಒರಗಿತು. ಮೇ ತಿಂಗಳಲ್ಲಿ ಮನಾಲಿಯ ಬಳಿ, 5,289 ಮೀಟರ್ ಎತ್ತರದ ಫ್ರೆಂಡ್‌ಶಿಪ್ ಶಿಖರಕ್ಕೆ ಹೊರಟಿರುವ ನನಗೆ ವಸಂತದ ಹಿಮಕುಸಿತ ಅರ್ಥವಾದದ್ದು ಈ ಧರೆಯಿಂದಲೇ. (ಹಿಮ ಬೀಳುವುದಕ್ಕೂ ಜರಿಯುವುದಕ್ಕೂ ನಮ್ಮಲ್ಲಿ ‘ಹಿಮಪಾತ’ ಎಂಬ ಒಂದೇ ಪದ ಓಡಾಡುತ್ತದೆ, ಗೊಂದಲ ಬೇಡವೆಂದು ನಾನು ಕುಸಿತ ಎನ್ನುತ್ತೇನೆ.)

ಚಳಿಗಾಲದಲ್ಲಿ ಗಾಳಿ ಒತ್ತಿ ಗಟ್ಟಿಮಾಡಿದ ಹೊಸ ಹಿಮದ ಹಾಸು ತನ್ನ ಕೆಳಗಿನ ದುರ್ಬಲ ಪದರ ಮುರಿದಾಗ ಜಾರುತ್ತದೆ. ವಸಂತದಲ್ಲಿ, ನಮ್ಮ ಧರೆಯಲ್ಲಿ ಆದಂತೆಯೇ, ಹೆಚ್ಚಿನ ಕೆಲಸ ನೀರಿನದು: ಬಿಸಿಲಿಗೆ ಕರಗಿದ ನೀರು ಒಳಗಿಳಿದು, ಹಿಮದ ಕಣಗಳನ್ನು ಹಿಡಿದಿಟ್ಟ ಬೆಸುಗೆಯನ್ನೇ ಸಡಿಲಿಸುತ್ತದೆ. ಆದರೆ ನಮ್ಮ ಧರೆಯ ಅಪಾಯವನ್ನು ದಿನಗಳಲ್ಲಿ ಎಣಿಸಿದರೆ, ಅಲ್ಲಿನದನ್ನು ಗಂಟೆಗಳಲ್ಲಿ ಎಣಿಸಬೇಕು. ಆಕಾಶ ತಿಳಿಯಾಗಿದ್ದ ರಾತ್ರಿ ಹಿಮದ ಮೈ ತನ್ನ ಶಾಖವನ್ನು ಬಿಟ್ಟುಕೊಟ್ಟು ಕಲ್ಲಿನಂತಾಗುತ್ತದೆ; ಮೋಡ ಕವಿದ ರಾತ್ರಿಯಾದರೋ ಕಂಬಳಿ ಹೊದ್ದಂತೆ ಬೆಚ್ಚಗೇ ಉಳಿದು, ಬೆಳಗಿನ ವೇಳೆಗೂ ಮೆತ್ತಗಿರುತ್ತದೆ. ಆದ್ದರಿಂದ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ನಾಳೆಯ ಹವಾಮಾನದ್ದಲ್ಲ, ಕಳೆದ ರಾತ್ರಿಯದು. ಸೂರ್ಯ ಹುಟ್ಟುವ ಮೊದಲೇ ಬೂಟು ಕಣಕಾಲಿನವರೆಗೆ ಹೂತುಹೋದರೆ ಆ ದಿನ ಶಿಖರವಿಲ್ಲ.

ಹಾಸು ಜಾರುವ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಹುಟ್ಟುತ್ತವೆ. ನಕ್ಷೆಯ ಮೇಲೆ ಅಂತಹ ಜಾಗಗಳಿಗೆ ಕೆಂಪು ಬಳಿದಿದ್ದೇನೆ. ಆದರೆ ನಾವು ನಿಂತ ನೆಲ ಸಮತಟ್ಟಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2025ರ ಫೆಬ್ರವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ಪ್ರಾಣ ಕಳೆದುಕೊಂಡ ಎಂಟು ಮಂದಿ ಪರ್ವತಾರೋಹಿಗಳಲ್ಲ, ತಮ್ಮ ಶಿಬಿರದಲ್ಲಿದ್ದ ರಸ್ತೆ ಕಾರ್ಮಿಕರು.

ಹಿಮನದಿಯ ಮೇಲೆ ಇನ್ನೊಂದು ತೊಡಕಿದೆ. ಬಿರುಕುಗಳನ್ನು ಮುಚ್ಚಿದ ಹಿಮದ ಸೇತುವೆಗಳೂ ಅದೇ ಬಿಸಿಲಿಗೆ ಮೆತ್ತಗಾಗುವುದರಿಂದ, ಅಲ್ಲಿ ಹಗ್ಗ ಕಟ್ಟಿಕೊಂಡೇ ನಡೆಯಬೇಕು. ಟ್ರಾನ್ಸೀವರ್ (ಹೂತವರ ಜಾಗವನ್ನು ಸಂಕೇತದಿಂದ ಪತ್ತೆಹಚ್ಚುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ತೀವ್ರವಾಗಿ ಕುಸಿಯುತ್ತದೆ. ಕೆಳಗಿನಿಂದ ಸಹಾಯ ಬರುವುದನ್ನು ಕಾಯಲು ಸಮಯವಿರುವುದಿಲ್ಲ.

“ಜರಿಯುತ್ತದೆ ಅಂತ ಗೊತ್ತಿದ್ದೂ ಅದರ ಬುಡಕ್ಕೆ ಯಾಕೆ ಹೋಗ್ತೀಯ?” ಎಂದು ಅಪ್ಪಯ್ಯ ಕೇಳಿದರು. ಒಪ್ಪುವಂತಹ ಉತ್ತರ ನನ್ನಲ್ಲಿರಲಿಲ್ಲ. ಮಧ್ಯರಾತ್ರಿ ಹೊರಟು, ಶಿಖರ ಕೈಗೆಟುಕುವಷ್ಟು ಹತ್ತಿರವಿದ್ದರೂ ಬೆಳಿಗ್ಗೆ ಎಂಟಕ್ಕೆ ಹಿಂತಿರುಗುವುದೆಂದು ಬರೆದ ಚೀಟಿಯನ್ನು ಅವರಿಗೆ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ, ಎಂಟನ್ನು ಹೊಡೆದುಹಾಕಿ ಏಳು ಎಂದು ತಿದ್ದಿದರು.