ಏಳನೇ ತಾರೀಖು ದಾಟಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ. ತಡವಾಗಿ ಬರೋ ಸಂಬಳದ ಬಗ್ಗೆ ನಾಲ್ಕು ಮಾತು ಹೇಳ್ಬೇಕು ಅಂತ ಬಂದಿದ್ದೀನಿ. ಪೂರ್ತಿ ಮುಳುಗಿಹೋದ ಸಂಬಳದ ಕಥೆ ಬೇರೆ, ಅದು ಅನ್ಯಾಯ ಅಂತ ಎಲ್ರಿಗೂ ಗೊತ್ತಾಗುತ್ತೆ, ನಾಲ್ಕು ಜನ ಜೊತೆಗೆ ನಿಲ್ತಾರೆ. ಆದ್ರೆ ಬರುತ್ತೆ, ಇವತ್ತಲ್ಲ ನಾಳೆ, ನಾಳೆ ಅಲ್ಲ ಸೋಮವಾರ, ಪಾರ್ಟಿ ಪೇಮೆಂಟ್ ಬಂದ ತಕ್ಷಣ ಅಂತ ತಳ್ಕೊಂಡು ತಳ್ಕೊಂಡು ಹೋಗೋ ಸಂಬಳ ಇದ್ಯಲ್ಲ, ಅದನ್ನ ಯಾರ ಹತ್ರ ಹೇಳಿದ್ರೂ "ಕೊನೆಗೆ ಬರುತ್ತಲ್ಲ ಬಿಡಿ" ಅಂದ್ಬಿಡ್ತಾರೆ. ಆ ಮಾತು ಕೇಳಿದಾಗೆಲ್ಲಾ ನನಗೆ ಸಂಕಟ ಆಗುತ್ತೆ.

ನಾನು ಹದಿನಾರು ವರ್ಷ ಅಕೌಂಟ್ಸಲ್ಲಿ ಕೆಲಸ ಮಾಡಿದೋಳು. ಬೇರೆಯವರ ಬಟವಾಡೆ ಪಟ್ಟಿ ನಾನೇ ಬರೀತಿದ್ದೆ, ಆ ಪಟ್ಟಿಯಲ್ಲಿ ನನ್ನ ಹೆಸರೂ ಇರ್ತಿತ್ತು. ಹಾಗಾಗಿ ಕೊಡೋ ಕಡೆ ನಡೆಯೋದೂ ಗೊತ್ತು, ಕಾಯೋ ಕಡೆ ಆಗೋ ಕಷ್ಟಾನೂ ಗೊತ್ತು.

ನಾನಿದ್ದ ಒಂದು ಸಂಸ್ಥೆ, ಹೆಸರು ಬೇಡ, ಅಲ್ಲಿ ಮೊದಲ ಎರಡು ವರ್ಷ ಒಂದನೇ ತಾರೀಖಿಗೇ ಸಂಬಳ ಬರ್ತಿತ್ತು. ಆಮೇಲೆ ಐದು ಆಯ್ತು, ಎಂಟು ಆಯ್ತು, ಒಂದ್ಸಲ ಹದಿನಾಲ್ಕು ಆಯ್ತು. ಒಂದೇ ಏಟಿಗೆ ಹದಿನಾಲ್ಕಕ್ಕೆ ಯಾರೂ ತಗೊಂಡು ಹೋಗಲ್ಲ, ಒಂದೊಂದೇ ದಿನ ಜರುಗಿಸ್ತಾರೆ, ನಮಗೂ ಒಗ್ಗಿಹೋಗುತ್ತೆ. ನನ್ನ ಸಾಲದ ಕಂತು ಪ್ರತಿ ತಿಂಗಳು ಏಳಕ್ಕೆ ಅಕೌಂಟಿಂದ ತಾನಾಗೇ ಕಟ್ ಆಗೋದು. ಆ ದಿನ ಬೆಳಗ್ಗೆ ಐದೂವರೆಗೆ ಅಲಾರಂ ಇಲ್ದೇನೇ ಎಚ್ಚರ ಆಗ್ತಿತ್ತು, ಪಕ್ಕದಲ್ಲಿ ಮಲಗಿದೋರಿಗೆ ಬೆಳಕು ಬೀಳ್ಬಾರ್ದು ಅಂತ ಸ್ಕ್ರೀನ್‌ಗೆ ಕೈ ಅಡ್ಡ ಹಿಡ್ಕೊಂಡು ಬ್ಯಾಂಕಿನ ಮೆಸೇಜ್ ನೋಡ್ತಿದ್ದೆ. ಸಂಬಳ ಬಂದಿರಲ್ಲ, ಕಂತು ಮಾತ್ರ ಬಂದು ಬ್ಯಾಲೆನ್ಸ್ ಇಲ್ಲ ಅಂತ ವಾಪಸ್ ಹೋಗಿರುತ್ತೆ, ಅದಕ್ಕೆ ಬ್ಯಾಂಕಿನವರ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ. ಹದಿನಾಲ್ಕಕ್ಕೆ ಸಂಬಳ ಬಂತು, ಪೂರ್ತಿ ಬಂತು, ಒಂದು ಪೈಸೆ ಕಮ್ಮಿ ಇರ್ಲಿಲ್ಲ. ಆದ್ರೆ ಆ ಎರಡು ದಂಡ ಕಟ್ಟಿದ್ದು ಯಾರು? ಪಕ್ಕದ ಟೇಬಲ್ ಹುಡುಗಿ ಹತ್ರ ಕೈಸಾಲ ಕೇಳೋಣ ಅಂತ ನೋಡಿದ್ರೆ ಅವಳ ಕಿವಿ ಬರಿದಾಗಿತ್ತು, ಓಲೆ ಅಡ ಇಟ್ಟಿದ್ಳು. ಕೇಳಲಿಲ್ಲ ನಾನು.

ಸಂಬಳ ಅನ್ನೋ ಪದಕ್ಕೆ ಹಳೇ ಅರ್ಥ ದಾರಿಬುತ್ತಿ ಅಂತ, ಸಂಸ್ಕೃತದ ಶಂಬಲದಿಂದ ಬಂದ ಮಾತು ಅದು, ಊರು ಬಿಟ್ಟು ಹೊರಟೋನ ಕೈಗೆ ದಾರಿಗಾಗ್ಲಿ ಅಂತ ಕಟ್ಟಿಕೊಡೋ ಬುತ್ತಿ. ದಾರಿ ಸವೆದ ಮೇಲೆ ಬುತ್ತಿ ಕೊಟ್ರೆ ಅಷ್ಟೊತ್ತು ಹಸಿದಿದ್ದೋನ ಹಸಿವು ಎಲ್ಲಿಗೆ ಹೋಯ್ತು? ಸಂಬಳದಲ್ಲಿ ಮೊತ್ತ ಎಷ್ಟು ಮುಖ್ಯಾನೋ ತಾರೀಖೂ ಅಷ್ಟೇ ಮುಖ್ಯ ಅಂತ ನಾನು ಹೇಳೋದು ಇದಕ್ಕೇ.

ಇನ್ನು ಅಕೌಂಟ್ಸ್ ಕಡೆಯಿಂದ ಕಂಡಿದ್ದು. ದುಡ್ಡಿಲ್ಲ ಅಂತ ಮಾಲೀಕರು ಹೇಳಿದಾಗ ನಿಜವಾಗ್ಲೂ ಇಲ್ದೇ ಇದ್ದ ತಿಂಗಳೂ ಇದೆ, ಅದನ್ನ ಇಲ್ಲ ಅನ್ನಲ್ಲ, ಗಿರಾಕಿಗಳು ತಿಂಗಳುಗಟ್ಟಲೆ ಬಿಲ್ ಬಾಕಿ ಇಟ್ರೆ ಸಣ್ಣ ಸಂಸ್ಥೆ ನಡೆಸೋರು ಏನು ಮಾಡ್ತಾರೆ. ಆದ್ರೆ ಸುಮಾರು ತಿಂಗಳು ದುಡ್ಡು ಬಂದಿರ್ತಿತ್ತು, ಬಂದಿದ್ದು ಯಾರಿಗೆ ಮೊದಲು ಹೋಗ್ಬೇಕು ಅನ್ನೋದ್ರಲ್ಲಿ ನಾವು ಕೊನೇಲಿರ್ತಿದ್ವಿ. ಸರಕು ಕೊಡೋರಿಗೆ ದುಡ್ಡು ಹೋಗ್ಲಿಲ್ಲ ಅಂದ್ರೆ ಮಾರನೇ ದಿನ ಲೋಡ್ ಬರಲ್ಲ, ಕರೆಂಟ್ ಬಿಲ್ ಕಟ್ಟಿಲ್ಲ ಅಂದ್ರೆ ಫ್ಯೂಸ್ ಕೀಳ್ತಾರೆ, ಬ್ಯಾಂಕಿನವರು ಫೋನ್ ಮೇಲೆ ಫೋನ್ ಮಾಡ್ತಾರೆ. ಸಂಬಳ ಕೊಡದಿದ್ರೆ? ಮಾರನೇ ದಿನ ಒಂಬತ್ತಕ್ಕೆ ನಾವೆಲ್ಲಾ ಬಂದು ಹಾಜರಿ ಪುಸ್ತಕದಲ್ಲಿ ಸೈನ್ ಹಾಕಿ ಕೂತ್ಕೊಂಡಿರ್ತೀವಿ. ಹಾಗಾಗಿ ಆ ಹದಿನಾಲ್ಕು ದಿನ ನಾವು ಮಾಲೀಕರಿಗೆ ಬಡ್ಡಿ ಇಲ್ಲದ ಸಾಲ ಕೊಟ್ಟಂಗೆ. ಸಾಲ ಕೊಟ್ಟೋರೇ ತಲೆ ತಗ್ಗಿಸಿ ಛೇಂಬರ್ ಬಾಗಿಲ ಹೊರಗೆ ನಿಂತ್ಕೊಂಡು "ಸರ್, ಸಂಬಳ..." ಅಂತ ಅರ್ಧಕ್ಕೆ ನಿಲ್ಲಿಸ್ತಿದ್ವಿ, ಪೂರ್ತಿ ವಾಕ್ಯ ಹೇಳೋಕೂ ನಾಚಿಕೆ. ಆ ನಾಚಿಕೆ ಬಿಡಿ ಅಂತ ಹೇಳೋಕೇ ನಾನಿವತ್ತು ಬಂದಿರೋದು.

ಕಾನೂನು ಏನು ಹೇಳುತ್ತೆ ಅಂತ ಗೊತ್ತಿದ್ರೆ ಆ ನಾಚಿಕೆ ಅರ್ಧ ಹೋಗುತ್ತೆ. ನಮ್ಮ ದೇಶದಲ್ಲಿ ಸ್ವಾತಂತ್ರ್ಯಕ್ಕೂ ಮುಂಚೆ, 1936ರಲ್ಲೇ ವೇತನ ಪಾವತಿ ಕಾಯ್ದೆ ಬಂತು. ಸಾವಿರಕ್ಕಿಂತ ಕಡಿಮೆ ಜನ ಇರೋ ಕಡೆ 7ನೇ ದಿನದೊಳಗೆ, ಅದಕ್ಕಿಂತ ದೊಡ್ಡ ಕಡೆ 10ನೇ ದಿನದೊಳಗೆ ಸಂಬಳ ಕೊಡ್ಬೇಕು ಅಂತ ಅದರಲ್ಲಿತ್ತು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಇದರ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ದಿನ ಮುಗಿಯೋದ್ರೊಳಗೆ ಬರ್ಬೇಕು. ದಿನಗೂಲಿ ಆದ್ರೆ ಅವತ್ತಿನ ಪಾಳಿ ಮುಗಿದಾಗ, ವಾರದ ಬಟವಾಡೆ ಆದ್ರೆ ವಾರದ ಕೊನೇ ಕೆಲಸದ ದಿನ, ಹದಿನೈದು ದಿನದ್ದಾದ್ರೆ ಅದು ಮುಗಿದ ಎರಡು ದಿನದೊಳಗೆ. ಆಫೀಸಲ್ಲಿ ಕೂರೋರು, ಮಷೀನ್ ಮುಂದೆ ನಿಲ್ಲೋರು ಅನ್ನೋ ಭೇದ ಇಲ್ಲ, ಇಷ್ಟಕ್ಕಿಂತ ಹೆಚ್ಚು ಸಂಬಳ ಇದ್ರೆ ಅನ್ವಯ ಆಗಲ್ಲ ಅಂತ ಹಳೇ ಕಾಯ್ದೆಯಲ್ಲಿದ್ದ ಮಿತೀನೂ ಇಲ್ಲಿಲ್ಲ.

ಬ್ಯಾಂಕ್ ರಜೆ ಇತ್ತು ಅನ್ನೋ ಕಾರಣ ನೀವೆಲ್ಲಾ ಕೇಳಿರ್ತೀರಿ. ಒಂದು ಕಾಲಕ್ಕೆ ಅದರಲ್ಲಿ ಸತ್ಯ ಇತ್ತು, ಶನಿವಾರ ಪಟ್ಟಿ ಕಳಿಸಿದ್ರೆ ಸೋಮವಾರ ಅಥವಾ ಮಂಗಳವಾರವೇ ದುಡ್ಡು ಬೀಳ್ತಿದ್ದಿದ್ದು. ಆದ್ರೆ ಒಂದು ಬ್ಯಾಂಕಿಂದ ಇನ್ನೊಂದು ಬ್ಯಾಂಕಿಗೆ ದುಡ್ಡು ಕಳಿಸೋ ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆ ನಡೀತಿದೆ, ಸಂಬಳಗಳನ್ನ ಒಟ್ಟಿಗೆ ಹಾಕೋ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ಭಾನುವಾರ ರಜಾದಿನ ಅಂತಿಲ್ದೆ ಎಲ್ಲಾ ದಿನ ನಡೀತಿದೆ. ಇದರಿಂದ ಇನ್ನೊಂದೂ ಆಯ್ತು, ನಿಮ್ಮ ಸಾಲದ ಕಂತೂ ಈಗ ಭಾನುವಾರ ಕಟ್ ಆಗುತ್ತೆ. ಕಂತಿಗಿಲ್ಲದ ರಜೆ ಸಂಬಳಕ್ಕೆ ಯಾಕಿರ್ಬೇಕು?

ಸಮಯಕ್ಕೆ ಕೊಟ್ರೂ ತೊಂದರೆ ಆಗೋ ಥರ ಕೊಡೋದು ಇನ್ನೊಂದು. ಶುಕ್ರವಾರ ಸಂಜೆ ಆರಕ್ಕೆ, ಆ ಶನಿವಾರ ಎರಡನೇ ಶನಿವಾರ ಅಂತ ಗೊತ್ತಿದ್ದೂ, ಚೆಕ್ ಕೈಗೆ ಕೊಡೋದು. ಅರ್ಧ ಈಗ ಅರ್ಧ ಇಪ್ಪತ್ತಕ್ಕೆ ಅನ್ನೋದು. ಸಂಬಳ ಯಾವಾಗ, ಎಲ್ಲಿ, ಯಾವ ರೂಪದಲ್ಲಿ ಕೊಡ್ಬೇಕು ಅನ್ನೋ ಜಗಳ ಲೋಕದಲ್ಲೆಲ್ಲಾ ನಡೆದಿದೆ, ದುಡ್ಡಿನ ಬದಲು ಸಾಮಾನು ಕೊಡೋದನ್ನ ತಡೆಯೋಕೆ ಇಂಗ್ಲೆಂಡಲ್ಲಿ 1831ರಷ್ಟು ಹಿಂದೆಯೇ ಕಾಯ್ದೆ ಮಾಡಿದ್ರು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರಲ್ಲಿ ಮಾಡಿದ 95ನೇ ಒಡಂಬಡಿಕೆಯಲ್ಲಿ ನಗದು ಸಂಬಳವನ್ನ ಕೆಲಸದ ದಿನದಲ್ಲೇ, ಕೆಲಸದ ಜಾಗದಲ್ಲೋ ಅದರ ಹತ್ರಾನೋ ಕೊಡ್ಬೇಕು, ಹೆಂಡದಂಗಡಿಯಲ್ಲಿ ಬಟವಾಡೆ ಮಾಡ್ಬಾರ್ದು ಅಂತ ಬರೆದಿದ್ದಾರೆ. ಎಷ್ಟು ಮನೆಗಳ ಕಣ್ಣೀರು ನೋಡಿ ಆ ಒಂದು ಸಾಲು ಬರೆದಿರ್ಬೇಕು.

ಒಂದು ವಿಷಯ ಮಾತ್ರ ದಯವಿಟ್ಟು ಗಮನ ಇಟ್ಟು ಕೇಳಿ. ತಡ ಆದ ಸಂಬಳದಲ್ಲಿ ಸ್ವಲ್ಪ ಭಾಗ ಕೈಗೆ ಕೊಟ್ಟು ವೋಚರ್‌ಗೆ ಸೈನ್ ಮಾಡು ಅಂತಾರಲ್ಲ, ಆ ವೋಚರಲ್ಲಿ ಏನು ಬರೆದಿದೆ ಅಂತ ಓದಿ. ಎಷ್ಟೋ ಸಲ ಅದರಲ್ಲಿ "ಅಡ್ವಾನ್ಸ್" ಅಂತಿರುತ್ತೆ. ಮಾಡಿ ಮುಗಿಸಿದ ಕೆಲಸದ ದುಡ್ಡು ಅಡ್ವಾನ್ಸ್ ಹೇಗಾಗುತ್ತೆ, ಅದು ಬಾಕಿ. ಇಂಥ ತಿಂಗಳ ಸಂಬಳದ ಬಾಬ್ತು ಇಷ್ಟು ಅಂತ ಬರೆಸಿ, ಆಮೇಲೆ ಸೈನ್ ಹಾಕಿ, ಇಲ್ಲಾಂದ್ರೆ ಮೂರು ತಿಂಗಳಾದ ಮೇಲೆ ಅದೇ ದುಡ್ಡನ್ನ ನಿಮ್ಮ ಸಂಬಳದಲ್ಲಿ ಹಿಡ್ಕೊಂಡ್ರೆ ನಿಮ್ಮ ಸೈನೇ ನಿಮಗೆ ಅಡ್ಡ ಬರುತ್ತೆ. ಖಾಲಿ ವೋಚರ್‌ಗೆ ಅಂತೂ ಬೇಡವೇ ಬೇಡ.

ನಾನು ಮಾಡಿದ್ದು ಏನಂದ್ರೆ, ಒಂದು ಹಳೇ ಡೈರಿ ತಗೊಂಡೆ. ಯಾವ ತಿಂಗಳ ಸಂಬಳ, ಯಾವತ್ತು ಕೊಡ್ತೀವಿ ಅಂದ್ರು, ಯಾವತ್ತು ಬಂತು, ಎಷ್ಟು ಬಂತು, ಆ ತಡದಿಂದ ಎಷ್ಟು ದಂಡ ಬಿತ್ತು, ಇಷ್ಟೇ. ಆರು ತಿಂಗಳಾದ್ಮೇಲೆ ನೋಡಿದ್ರೆ ಹೆಚ್ಚು ಕಮ್ಮಿ ಒಂದು ತಿಂಗಳ ಬಾಡಿಗೆಯಷ್ಟು ದಂಡಕ್ಕೇ ಹೋಗಿತ್ತು. ಅದನ್ನ ಅಂಕಿಯಲ್ಲಿ ಕಂಡ ದಿನ ನನ್ನ ಭಯ ಕಮ್ಮಿ ಆಯ್ತು.

ಕೇಳೋದು ಬಾಯಲ್ಲಿ ಕೇಳಿ, ಜೊತೆಗೆ ವಾಟ್ಸಾಪಲ್ಲೋ ಇಮೇಲಲ್ಲೋ ಬರಹದಲ್ಲೂ ಇರ್ಲಿ. "ಸರ್, ಮೇ ತಿಂಗಳ ಸಂಬಳ ಇವತ್ತು 9ನೇ ತಾರೀಖಾದ್ರೂ ಬಂದಿಲ್ಲ, ಯಾವ ತಾರೀಖಿಗೆ ಬರುತ್ತೆ ಅಂತ ತಿಳಿಸಿ" ಇಷ್ಟು ಸಾಕು. ಮಗಳ ಫೀಸು, ಅಮ್ಮನ ಔಷಧಿ ಅಂತ ಮನೆ ಕಷ್ಟ ಬರೀಬೇಡಿ. ಕಷ್ಟ ಹೇಳ್ಕೊಂಡ್ರೆ ಅದು ಸಹಾಯ ಕೇಳಿದಂಗಾಗುತ್ತೆ, ಯಾರ ಕಷ್ಟ ದೊಡ್ಡದು ಅಂತ ಮಾಲೀಕರು ಅಳೆಯೋಕೆ ಶುರು ಮಾಡ್ತಾರೆ, ಗಟ್ಟಿಯಾಗಿ ಅತ್ತೋರಿಗೆ ಮೊದಲು, ಸುಮ್ಮನಿದ್ದೋರಿಗೆ ಕೊನೆಗೆ. ಮಾಡಿದ ಕೆಲಸದ ದುಡ್ಡಿಗೆ ಕಾರಣ ಕೊಡೋದು ಯಾಕೆ? ಸಿಟ್ಟು ಬಂತು ಅಂತ ಹೇಳ್ದೆ ಕೇಳ್ದೆ ಕೆಲಸಕ್ಕೆ ಹೋಗೋದು ನಿಲ್ಲಿಸ್ಬೇಡಿ, ಗೈರುಹಾಜರಿಗೆ ಸಂಬಳ ಕತ್ತರಿಸೋಕೆ ಕಾನೂನಲ್ಲಿ ದಾರಿ ಇದೆ, ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ನೋಟಿಸ್ ಕೊಡದೆ ಹಾಗೆ ಮಾಡಿದ್ರೆ ಇನ್ನೂ ಜಾಸ್ತಿ ಹಿಡಿಯೋಕೂ ಅವಕಾಶ ಇದೆ.

ಹಾಂ, ಸಂಬಳ ತಡ ಆಗೋಕೆ ಶುರು ಆದ್ರೆ ತಕ್ಷಣ ಪಿಎಫ್ ಪಾಸ್‌ಬುಕ್ ನೋಡ್ಕೊಳ್ಳಿ. ನಿಮ್ಮ ಸಂಬಳದಲ್ಲಿ ಹಿಡಿದ ದುಡ್ಡು ಮುಂದಿನ ತಿಂಗಳ 15ರೊಳಗೆ ಕಟ್ಟಿರ್ಬೇಕು. ಪೇಸ್ಲಿಪ್ಪಲ್ಲಿ ಕಟ್ ಆಗಿ ಪಾಸ್‌ಬುಕ್ಕಲ್ಲಿ ಕಾಣಿಸ್ತಿಲ್ಲ ಅಂದ್ರೆ ಪರಿಸ್ಥಿತಿ ಬಿಗಡಾಯಿಸಿದೆ ಅಂತ ತಿಳ್ಕೊಳ್ಳಿ.

ನಾವು ನಾಲ್ಕು ಜನ ಸೇರಿ ಒಂದು ಪತ್ರ ಬರೆದು ಕೊಟ್ವಿ. ಮಾಲೀಕರು ನನ್ನೊಬ್ಬಳನ್ನೇ ಕರೆದು, "ಅಕೌಂಟ್ಸಲ್ಲಿರೋಳು ನೀನು, ದುಡ್ಡಿಲ್ಲ ಅಂತ ನಿಂಗೇ ಗೊತ್ತಲ್ಲಮ್ಮ" ಅಂದ್ರು. "ಗೊತ್ತು ಸರ್, ಬಂದಿದ್ದು ಯಾರ್ಯಾರಿಗೆ ಹೋಯ್ತು ಅಂತಾನೂ ಗೊತ್ತು" ಅಂದೆ. ನನ್ನ ಕೈ ನಡುಗ್ತಿತ್ತು, ಡೈರಿ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಅವರು ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಮುಂದಿನ ತಿಂಗಳು ಪೇಮೆಂಟ್ ಪಟ್ಟಿ ಬರೆಯುವಾಗ ಸಂಬಳ ಮೊದಲನೇ ಸಾಲಿಗೆ ಬಂತು, ಎಂಟು ತಿಂಗಳು ಏಳಕ್ಕೆ ಸರಿಯಾಗಿ ನಡೀತು. ಆಮೇಲೆ ಮತ್ತೆ ಹಳೇ ಕಥೆ, ನಾನು ಕೆಲಸ ಬಿಟ್ಟೆ.

ಎಲ್ಲರ ಕಥೆ ಎಂಟು ತಿಂಗಳೂ ಸರಿಹೋಗಲ್ಲ, ಆಗ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ನೀವೇ ಅರ್ಜಿ ಹಾಕ್ಬಹುದು, ನೀವಿರೋ ನೋಂದಾಯಿತ ಯೂನಿಯನ್ ಹಾಕ್ಬಹುದು. ಹೊಸ ಸಂಹಿತೆಯಲ್ಲಿ ಮೂರು ವರ್ಷದವರೆಗೆ ಕ್ಲೇಮ್ ಹಾಕೋಕೆ ಅವಕಾಶ ಇದೆ, ಬಾಕಿ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡ್ಸೋ ಅಧಿಕಾರ ಆ ಕ್ಲೇಮ್ ವಿಚಾರಣೆ ಮಾಡೋ ಪ್ರಾಧಿಕಾರಕ್ಕಿದೆ, ಮೂರು ತಿಂಗಳಲ್ಲಿ ತೀರ್ಮಾನ ಮಾಡೋಕೆ ಪ್ರಯತ್ನ ಮಾಡ್ಬೇಕು ಅಂತಾನೂ ಇದೆ. ಸಂಬಳ ಕೊಟ್ಟಿದ್ದೀನಿ ಅಂತ ಸಾಬೀತು ಮಾಡೋ ಹೊಣೆ ಮಾಲೀಕರ ಮೇಲೆ, ಬಂದಿಲ್ಲ ಅಂತ ನೀವು ಸಾಬೀತು ಮಾಡ್ಬೇಕಿಲ್ಲ. ವಕೀಲರ ಫೀಸಿಗೆ ದಾರಿ ಇಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಣ್ಮಕ್ಕಳಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ಸಹಾಯ ಸಿಗುತ್ತೆ, 15100 ನಂಬರಿಗೆ ಫೋನ್ ಮಾಡಿ ಕೇಳಿ. ಕಂಪನಿ ದಿವಾಳಿ ಎದ್ದು ಆಸ್ತಿ ಮಾರಾಟಕ್ಕೆ ಬಂದ್ರೂ 2016ರ ದಿವಾಳಿ ಸಂಹಿತೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಯನ್ನ ಅಡಮಾನ ಇಟ್ಕೊಂಡು ಸಾಲ ಕೊಟ್ಟ ಬ್ಯಾಂಕಿನ ಸರಿಸಮಕ್ಕೆ ನಿಲ್ಸಿದೆ. ಮಾಲೀಕರ ಪಟ್ಟಿಯಲ್ಲಿ ಕೊನೇಲಿದ್ದೋರನ್ನ ಕಾನೂನು ಮುಂದಕ್ಕೆ ಕರ್ದಿದೆ, ನೋಡಿ.

ಕೆಲಸ ಬಿಡೋರಿಗೆ ಒಂದು ಮಾತು, ನೀವೇ ರಾಜೀನಾಮೆ ಕೊಟ್ರೂ ಸರಿ ಅವರೇ ತೆಗೆದ್ರೂ ಸರಿ, ಎರಡು ಕೆಲಸದ ದಿನದೊಳಗೆ ನಿಮ್ಮ ಸಂಬಳ ಕೊಡ್ಬೇಕು ಅಂತ ಈಗಿನ ನಿಯಮ. ಫುಲ್ ಆ್ಯಂಡ್ ಫೈನಲ್‌ಗೆ, ಅಂದ್ರೆ ಕೊನೇ ಲೆಕ್ಕ ಚುಕ್ತಾ ಮಾಡೋಕೆ, 45 ದಿನ ಆಗುತ್ತೆ ಅಂದ್ರೆ ಸಂಬಳದ ಮಟ್ಟಿಗೆ ಅದನ್ನ ಒಪ್ಕೋಬೇಡಿ.

ನಾನು ಕೆಲಸ ಬಿಟ್ಟ ಮೇಲೆ ಒಂದಿನ, ನಮ್ಮನೆ ಕೆಲಸಕ್ಕೆ ಬರೋ ಅಕ್ಕ ಚಪ್ಪಲಿ ಹಾಕ್ಕೊಂಡ ಮೇಲೂ ಬಾಗಿಲ ಹತ್ರ ಒಂದು ನಿಮಿಷ ನಿಂತ್ರು. ಏನಕ್ಕ ಅಂದೆ, ಏನಿಲ್ಲಮ್ಮ ಅಂತ ಹೋದ್ರು. ಅವತ್ತು ತಾರೀಖು ಹನ್ನೊಂದು. ಡೈರಿಯಲ್ಲಿ ನನ್ನದೆಲ್ಲಾ ಬರ್ಕೊಂಡಿದ್ದ ನಾನು ಅವರಿಗೆ ಕೊಡೋದನ್ನ ಮರೆತಿದ್ದೆ. ಓಡಿಹೋಗಿ ಗೇಟಿನ ಹತ್ರ ಕೊಟ್ಟೆ, ಅವರು ಎಣಿಸಲೂ ಇಲ್ಲ, ಸೆರಗಿಗೆ ಕಟ್ಕೊಂಡು ಬೇಗ ಬೇಗ ನಡೆದ್ರು, ಅವರಿಗೂ ಯಾರಿಗೋ ಕೊಡೋದಿತ್ತು ಅನ್ಸುತ್ತೆ.

ನಮಸ್ಕಾರ.